ಸ್ಟೇಜ್ ಪ್ರೋಗ್ರಾಂನಲ್ಲಿ ಮಲ್ಟಿಚಾನೆಲ್ ಟ್ರ್ಯಾಕ್ ಕೈಕೊಟ್ರೆ: ತಪ್ಪು ಫೈಲಲ್ಲಿದ್ಯಾ, ದಾರೀಲಿದ್ಯಾ?

ಸ್ಟೇಜ್ ಮೇಲೆ ಟ್ರ್ಯಾಕ್ ಸರಿಯಾಗಿ ಬರ್ತಿಲ್ಲ ಅಂದ ತಕ್ಷಣ ಒಬ್ರು ಮಿಕ್ಸರ್ ಪ್ಯಾಚ್ (ಯಾವ ಸದ್ದು ಯಾವ ಚಾನೆಲ್‌ಗೆ ಅನ್ನೋ ಜೋಡಣೆ) ಬದಲಾಯಿಸೋಕೆ ಶುರು ಮಾಡ್ತಾರೆ, ಇನ್ನೊಬ್ರು ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡ್ತಾರೆ, ಮೂರನೆಯವ್ರು ಸ್ಟುಡಿಯೋಗೆ ಫೋನ್ ಮಾಡಿ ಬೇರೆ ಫೈಲ್ ಕಳ್ಸಿ ಅಂತಾರೆ. ಮೂರೂ ಒಟ್ಟಿಗೆ ನಡೆದ್ರೆ ಯಾವ್ದ್ರಿಂದ ಸರಿ ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ, ಮುಂದಿನ ಪ್ರೋಗ್ರಾಂಗೆ ಅದೇ ತಪ್ಪು ಮತ್ತೆ ಬರುತ್ತೆ. ಮೊದ್ಲು ತೀರ್ಮಾನ ಆಗ್ಬೇಕಾಗಿರೋದು ಒಂದೇ ವಿಷ್ಯ: ತಪ್ಪು ಫೈಲ್ ಒಳಗಿದ್ಯಾ, ಇಲ್ಲ ಫೈಲಿಂದ ಸ್ಪೀಕರ್‌ವರೆಗಿನ ದಾರೀಲಿದ್ಯಾ. ಅದು ಗೊತ್ತಾಗೋವರೆಗೂ ಯಾವ ಸೆಟ್ಟಿಂಗೂ ಮುಟ್ಬೇಡಿ ಅಂತಾನೇ ನಾನು ಹೇಳೋದು, ಯಾಕಂದ್ರೆ ಸರಿ ಇರೋ ಪ್ಯಾಚನ್ನ ಕೆಡಿಸಿಬಿಟ್ರೆ ಒಂದು ತಪ್ಪು ಎರಡಾಗುತ್ತೆ.

ಮಾತು ಗಾಳೀಲಿ ಹೋಗೋದು ಬೇಡ, ಒಂದು ನೃತ್ಯರೂಪಕ ಇಟ್ಕೊಳ್ಳೋಣ. ಹಾಡೋರು, ಮೃದಂಗ, ಕೊಳಲು ಲೈವ್, ಉಳಿದಿದ್ದೆಲ್ಲ ಟ್ರ್ಯಾಕ್, ಅಂದ್ರೆ ಮುಂಚೇನೇ ರೆಕಾರ್ಡ್ ಮಾಡಿದ್ದು. ಫೈಲಲ್ಲಿ 8 ಚಾನೆಲ್, ಅಂದ್ರೆ ಬೇರೆ ಬೇರೆ ಕಡೆ ಕಳ್ಸಬಹುದಾದ ಎಂಟು ಸಾಲು ಸದ್ದು. 1-2ರಲ್ಲಿ ಮ್ಯೂಸಿಕ್, 3-4ರಲ್ಲಿ ರಿದಮ್, 5-6ರಲ್ಲಿ ಮಳೆ ಗುಡುಗು ಕಾಡಿನ ಸದ್ದು, ಇದು ಹಾಲ್ ಹಿಂದಿನ ಸ್ಪೀಕರ್‌ಗೆ. 7ರಲ್ಲಿ ಕ್ಲಿಕ್ ಮತ್ತು ಎಣಿಕೆ, ವಾದ್ಯದವರ ಇನ್‌ಇಯರ್‌ಗೆ (ಕಿವಿಯೊಳಗಿನ ಇಯರ್‌ಫೋನ್‌ಗೆ) ಮಾತ್ರ. 8ರಲ್ಲಿ ಲೈಟಿನವರಿಗೆ ಎಲ್‌ಟಿಸಿ ಟೈಮ್‌ಕೋಡ್, ಅಂದ್ರೆ ಟ್ರ್ಯಾಕ್ ಈಗ ಎಲ್ಲಿದೆ ಅಂತ ಲೈಟ್ ಡೆಸ್ಕಿಗೆ ಹೇಳೋ ಸಂಕೇತ. ಲ್ಯಾಪ್‌ಟಾಪಿಂದ ಯುಎಸ್‌ಬಿ ಕೇಬಲ್ಲು ಬೆಹ್ರಿಂಗರ್ ಎಕ್ಸ್32 ಮಿಕ್ಸರ್‌ಗೆ. ನಮ್ಮ ಕಡೆ ಹಾಲ್‌ಗಳಲ್ಲೂ ಬಾಡಿಗೆ ಸೌಂಡ್ ಸೆಟ್‌ಗಳಲ್ಲೂ ತುಂಬಾ ಸಿಗೋದು ಇದೇ, ಅದಕ್ಕೆ ಇದನ್ನೇ ಹಿಡ್ಕೊಂಡು ಬರೀತೀನಿ, ಬೇರೆ ಮಿಕ್ಸರ್ ಆದ್ರೆ ಮೆನು ಹೆಸರು ಬೇರೆ ಇರುತ್ತೆ, ತರ್ಕ ಅದೇ.

ಮೊದ್ಲು ಒಂದು ಪರೀಕ್ಷೆ ಫೈಲ್ ಮಾಡ್ಕೊಳ್ಳಿ

ಇದು ಇಲ್ದೆ ಮುಂದಿನದ್ಯಾವುದೂ ಸುಲಭ ಇಲ್ಲ, ಅದಕ್ಕೇ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಶೋ ಫೈಲ್ ಎಷ್ಟು ಚಾನೆಲ್ಲೋ ಅಷ್ಟೇ ಚಾನೆಲ್‌ದು, ಅದೇ ಸ್ಯಾಂಪಲ್ ರೇಟು (ಸೆಕೆಂಡಿಗೆ ಎಷ್ಟು ಸಲ ಸದ್ದನ್ನ ಅಳೆದಿದೆ ಅನ್ನೋದು), ಅದೇ ಬಿಟ್ ಸಂಖ್ಯೆ (ಒಂದೊಂದು ಅಳತೆ ಎಷ್ಟು ಸೂಕ್ಷ್ಮ ಅನ್ನೋದು), ಅದೇ ಫಾರ್ಮ್ಯಾಟು, ಸರಿಯಾಗಿ 60 ಸೆಕೆಂಡ್ ಉದ್ದ. ಒಂದನೇ ಚಾನೆಲ್ಲಲ್ಲಿ ನಿಮ್ಮದೇ ದನೀಲಿ "ಒಂದು" ಅಂತ ಹೇಳಿ, ಮೂರು ಸೆಕೆಂಡ್ ಬಿಟ್ಟು ಎರಡನೇದ್ರಲ್ಲಿ ಮಾತ್ರ "ಎರಡು", ಹೀಗೆ ಎಂಟರವರೆಗೆ. ಒಂದು ಚಾನೆಲ್ ಮಾತಾಡ್ವಾಗ ಉಳಿದ ಏಳೂ ಪೂರ್ತಿ ಸುಮ್ನಿರ್ಬೇಕು. ಆಮೇಲೆ 30ನೇ ಸೆಕೆಂಡಿಗೆ ಎಂಟೂ ಚಾನೆಲ್ಲಲ್ಲಿ ಒಟ್ಟಿಗೆ ಒಂದು ಚಿಟಿಕೆ ಸದ್ದು, 58ನೇ ಸೆಕೆಂಡಿಗೆ ಇನ್ನೊಂದು. ಆ ಎರಡರ ಮಧ್ಯೆ ಎಲ್ಲಾ ಚಾನೆಲ್ಲಲ್ಲೂ 1 ಕಿಲೋಹರ್ಟ್ಜ್ ಟೋನ್, ಮೈನಸ್ 18 ಡಿಬಿ.

ಈ ಒಂದು ನಿಮಿಷದಲ್ಲಿ ಎಷ್ಟೆಲ್ಲ ಗೊತ್ತಾಗುತ್ತೆ ನೋಡಿ. "ಮೂರು" ಅಂದಾಗ ಮಿಕ್ಸರಲ್ಲಿ ಯಾವ ಮೀಟರ್ ಏಳುತ್ತೋ ಅದೇ 3ನೇ ಚಾನೆಲ್ ಬಂದು ಸೇರಿರೋ ಜಾಗ. "ಮೂರು" ಎರಡು ಕಡೆ ಕೇಳಿದ್ರೆ ಎಲ್ಲೋ ಡೌನ್‌ಮಿಕ್ಸ್ ಆಗ್ತಿದೆ, ಅಂದ್ರೆ ಚಾನೆಲ್‌ಗಳು ಒಂದರೊಳಗೊಂದು ಬೆರೀತಿವೆ. ಒಂದು ನಂಬರ್ ಬರ್ಲೇ ಇಲ್ಲ ಅಂದ್ರೆ ಆ ಚಾನೆಲ್ ದಾರೀಲಿ ಬಿದ್ದುಹೋಗಿದೆ. ಚಿಟಿಕೆ ಒಂದೇ ಸದ್ದಾಗಿ ಕೇಳೋ ಬದ್ಲು ಟಕ-ಟಕ ಅಂತ ಬಂದ್ರೆ ಯಾವ್ದೋ ಚಾನೆಲ್ ತಡ. ಟೋನಲ್ಲಿ ಟಿಕ್ ಟಿಕ್ ಕೇಳಿದ್ರೆ ಕ್ಲಾಕ್ (ಮೆಷಿನ್ ಸ್ಯಾಂಪಲ್ ಎಣಿಸೋ ಗಡಿಯಾರ) ಇಲ್ಲವೇ ಬಫರ್ (ಕಂಪ್ಯೂಟರ್ ಮುಂಚೇನೇ ತುಂಬಿಟ್ಕೊಳ್ಳೋ ಸದ್ದು) ಗಲಾಟೆ, ಹಾಡಿನ ಮಧ್ಯೆ ಅಡಗಿ ಹೋಗೋ ಟಿಕ್ ಶುದ್ಧ ಟೋನಲ್ಲಿ ಅಡಗಲ್ಲ. ಇಡೀ ಫೈಲ್ ಎಷ್ಟೊತ್ತು ಓಡ್ತು ಅಂತ ಫೋನಲ್ಲಿ ಸ್ಟಾಪ್‌ವಾಚ್ ಹಿಡೀರಿ, 60 ಬರ್ಬೇಕು. 55 ಬಂದ್ರೂ 65 ಬಂದ್ರೂ ರೇಟ್ ತಪ್ಪಿದೆ ಅಂತ ಅರ್ಥ, ಅದರ ವಿಷ್ಯ ಕೆಳಗಿದೆ.

ಪರೀಕ್ಷೆ ಫೈಲ್ ಸರಿಯಾಗಿ ಓಡಿ ಶೋ ಫೈಲ್ ಮಾತ್ರ ತಪ್ಪಾಗಿ ಬಂದ್ರೆ ತಪ್ಪು ಫೈಲಲ್ಲಿದೆ, ಮಿಕ್ಸರ್ ಮುಟ್ಬೇಡಿ. ಎರಡೂ ಒಂದೇ ಥರ ತಪ್ಪಾದ್ರೆ ದಾರೀಲಿದೆ, ಸ್ಟುಡಿಯೋದವರಿಗೆ ಫೋನ್ ಮಾಡ್ಬೇಡಿ. ಒಂದು ಮಾತು ಮಾತ್ರ ನೆನಪಿರ್ಲಿ, ಪರೀಕ್ಷೆ ಫೈಲನ್ನ ಶೋ ಫೈಲ್ ಓಡೋ ಅದೇ ಸಾಫ್ಟ್‌ವೇರಲ್ಲೇ ಓಡಿಸ್ಬೇಕು, ವಿಎಲ್‌ಸಿ ಪ್ಲೇಯರಲ್ಲಿ ಹಾಕಿ ಕೇಳಿದ್ರೆ ವಿಎಲ್‌ಸಿ ಸರಿ ಇದೆ ಅಂತ ಮಾತ್ರ ಗೊತ್ತಾಗುತ್ತೆ.

ಸದ್ದು ಬರುತ್ತೆ, ಆದ್ರೆ ತಪ್ಪು ಜಾಗದಿಂದ

ಎಲ್ಲಕ್ಕಿಂತ ಜಾಸ್ತಿ ಸಿಗೋ ತೊಂದರೆ ಇದು. ಕಾರಣ ಏನಂದ್ರೆ ಚಾನೆಲ್ ಕ್ರಮಕ್ಕೆ ಒಂದೇ ಪದ್ಧತಿ ಇಲ್ಲ. 5.1 (ಸಿನಿಮಾ ಥರ ಸುತ್ತಲೂ ಕೇಳೋ 6 ಚಾನೆಲ್ ಸರೌಂಡ್) ವೇವ್ ಫೈಲಲ್ಲಿ ಸಾಮಾನ್ಯ ಕ್ರಮ ಎಡ, ಬಲ, ಸೆಂಟರ್, ಎಲ್‌ಎಫ್‌ಇ (ಸಬ್‌ವೂಫರ್‌ಗೆ ಹೋಗೋ ಬೇಸ್ ಚಾನೆಲ್), ಎಡ ಸರೌಂಡ್, ಬಲ ಸರೌಂಡ್. ಸಿನಿಮಾ ಮಿಕ್ಸಿಂಗ್ ಕಡೆಯಿಂದ ಬಂದ ಫೈಲಲ್ಲಿ ಎಡ, ಸೆಂಟರ್, ಬಲ, ಎಡ ಸರೌಂಡ್, ಬಲ ಸರೌಂಡ್, ಕೊನೇಲಿ ಎಲ್‌ಎಫ್‌ಇ ಇರಬಹುದು, ಪ್ರೋ ಟೂಲ್ಸ್ ಸಾಫ್ಟ್‌ವೇರ್ ಬಳಸೋರ ಹತ್ರ ಇದೇ ರೂಢಿ. ಎರಡನ್ನೂ ಕಣ್ಣಲ್ಲಿ ನೋಡಿದ್ರೆ 6 ಚಾನೆಲ್ ಅಷ್ಟೇ, ವ್ಯತ್ಯಾಸ ಗೊತ್ತಾಗಲ್ಲ. ಬಲಗಡೆ ಸ್ಪೀಕರಲ್ಲಿ ಬರೀ ಮಾತು ಬರ್ತಿದೆ, ಸಬ್‌ನಲ್ಲಿ ಮಳೆ ಸದ್ದು ಬರ್ತಿದೆ ಅಂದ್ರೆ ಇದೇ ಕೇಸು.

ನಮ್ಮ ನೃತ್ಯರೂಪಕದ ಫೈಲ್ ಸರೌಂಡೇ ಅಲ್ಲ, ಎಂಟು ಬೇರೆ ಬೇರೆ ಟ್ರ್ಯಾಕ್. ಆದ್ರೆ ಕಂಪ್ಯೂಟರಿಗೆ ಅದು ಗೊತ್ತಿಲ್ಲ. ವೇವ್ ಫೈಲ್ ಶುರುವಲ್ಲಿರೋ ವಿವರದ ಭಾಗ, ಅಂದ್ರೆ ಹೆಡರಲ್ಲಿ, ಯಾವ ಚಾನೆಲ್ ಯಾವ ಸ್ಪೀಕರ್‌ಗೆ ಅಂತ ಹೇಳೋ ಒಂದು ಗುರುತು ಇರುತ್ತೆ, ಚಾನೆಲ್ ಮಾಸ್ಕ್ ಅಂತಾರೆ. ಅದು ಇದ್ರೂ ಸರಿ, ಇಲ್ದೇ ಇದ್ರೂ ಸರಿ, 8 ಚಾನೆಲ್ ಕಂಡ ತಕ್ಷಣ ತುಂಬಾ ಪ್ಲೇಯರ್‌ಗಳು ಓ ಇದು 7.1 ಸರೌಂಡ್ ಅಂತ ಅಂದ್ಕೊಂಡುಬಿಡುತ್ವೆ. ಅಲ್ಲಿಗೆ 4ನೇ ಚಾನೆಲ್ ಎಲ್‌ಎಫ್‌ಇ ಆಗೋಯ್ತು.

ಇದ್ರಿಂದ ಆಗೋ ಒಂದು ತಪ್ಪನ್ನ ಹತ್ರದಿಂದ ನೋಡಿದ್ದೀನಿ, ಹೇಳ್ತೀನಿ. ಎಲ್‌ಇಡಿ ಗೋಡೆಗೆ ವಿಡಿಯೋ, ಜೊತೆಗೆ 8 ಚಾನೆಲ್ ಆಡಿಯೋ, ಎರಡೂ ಒಂದೇ ಫೈಲಲ್ಲಿ ಇರ್ಲಿ ಅಂತ ಎಡಿಟಿಂಗ್ ಮಾಡೋರು ಜೋಡಿಸಿ ಕೊಟ್ಟಿದ್ರು, ಎಕ್ಸ್‌ಪೋರ್ಟ್ ಮಾಡ್ವಾಗ ಆಡಿಯೋ ಎಎಸಿ ಆಗಿತ್ತು. ಹಾಲಲ್ಲಿ ರಿದಮ್ ಎಡಗಡೆ ಚೆನ್ನಾಗಿ ಬರ್ತಿದೆ, ಗೆಜ್ಜೆ, ತಾಳ, ಖಂಜಿರ ಎಲ್ಲ ಸ್ಪಷ್ಟ, ಬಲಗಡೆ ಬರೀ ಗುಮ್ ಗುಮ್. ಸೌಂಡ್‌ನವರು ಬಲಗಡೆ ಟಾಪ್ ಸ್ಪೀಕರ್‌ದು ಟ್ವೀಟರ್ ಹೋಗಿದೆ ಅಂತ ಬಾಕ್ಸೇ ಬದಲಾಯಿಸೋಕೆ ಹೊರಟಿದ್ರು. ಆದ್ರೆ ಅದೇ ಬಾಕ್ಸಲ್ಲಿ ಗಾಯಕಿಯ ಮೈಕ್ ಚೆನ್ನಾಗೇ ಬರ್ತಿತ್ತು, ಅಲ್ಲಿಗೆ ಬಾಕ್ಸ್ ಸರಿ ಇದೆ ಅಂತ ಆಯ್ತು. ಆಗಿದ್ದು ಇಷ್ಟೇ: ಎಎಸಿ, ಎಸಿ-3 ಥರದ ಕಂಪ್ರೆಸ್ ಫಾರ್ಮ್ಯಾಟ್‌ಗಳು ಎಲ್‌ಎಫ್‌ಇ ಚಾನೆಲ್ಲಲ್ಲಿ ತಳದ ಬೇಸ್ ಮಾತ್ರ ಉಳಿಸ್ಕೊಳ್ತವೆ, ಎಸಿ-3ಲಿ 120 ಹರ್ಟ್ಜ್‌ವರೆಗೆ ಮಾತ್ರ ಜಾಗ. 4ನೇ ಚಾನೆಲ್ ಅಂದ್ರೆ ನಮ್ಮ ರಿದಮ್‌ನ ಬಲಗಡೆ, ಅದು ಎಲ್‌ಎಫ್‌ಇ ಅಂತ ಹೋಗಿ ಮೇಲಿನ ಸದ್ದೆಲ್ಲ ಕತ್ತರಿಸಿ ಬಂದಿತ್ತು. ಕತ್ತರಿಸಿದ್ದು ಬೇಸ್-ಟ್ರೆಬಲ್ ತಿದ್ದೋ ಯಾವ ಈಕ್ಯೂಲೂ ವಾಪಸ್ ಬರಲ್ಲ. ಪರಿಹಾರ ಒಂದೇ, ವಿಡಿಯೋ ಬೇರೆ, ಆಡಿಯೋ ಬೇರೆ ವೇವ್ ಫೈಲು. ಒಟ್ಟಿಗೇ ಬೇಕು ಅಂದ್ರೆ ವಿಡಿಯೋ ಫೈಲ್ ಒಳಗೂ ಪಿಸಿಎಂ (ಕಂಪ್ರೆಸ್ ಮಾಡ್ದೇ ಇರೋ) ಆಡಿಯೋನೇ ಇಡಿ.

ಪರೀಕ್ಷೆ ಫೈಲನ್ನೂ ಅದೇ ಎಕ್ಸ್‌ಪೋರ್ಟ್ ದಾರೀಲಿ ಕಳ್ಸಿದ್ರೆ "ನಾಲ್ಕು" ಅನ್ನೋ ದನಿ ಕಂಬಳಿ ಹೊದ್ಕೊಂಡು ಮಾತಾಡ್ದಂಗೆ ಕೇಳುತ್ತೆ, ತಕ್ಷಣ ಗೊತ್ತಾಗ್ಬಿಡುತ್ತೆ.

ಫೈಲ್ ಸರಿ ಇದ್ದೂ ಜಾಗ ತಪ್ಪಿದ್ರೆ ಮಿಕ್ಸರ್ ಕಡೆ ಬನ್ನಿ. ಎಕ್ಸ್32ಲ್ಲಿ ಇನ್‌ಪುಟ್ ರೂಟಿಂಗ್ ಎಂಟೆಂಟರ ಗುಂಪಲ್ಲಿ ನಡೆಯುತ್ತೆ. ಟ್ರ್ಯಾಕ್ 25ರಿಂದ 32ನೇ ಫೇಡರ್‌ಗೆ ಬೇಕು ಅಂದ್ರೆ ಆ ಗುಂಪಿಗೆ ಕಾರ್ಡ್ 1-8 ಅಂತ ಕೊಡ್ಬೇಕು, ಕಾರ್ಡ್ ಅಂದ್ರೆ ಮಿಕ್ಸರಿನ ಯುಎಸ್‌ಬಿ ಕಾರ್ಡ್. ಫೇಡರ್ ನಂಬರ್ ನೋಡಿ ಕಾರ್ಡ್ 25-32 ಅಂತ ಕೊಟ್ಟುಬಿಟ್ರೆ ಲ್ಯಾಪ್‌ಟಾಪಿಂದ 1ರಿಂದ 8ಕ್ಕೆ ಬರ್ತಿರೋದು ಎಲ್ಲೂ ಕಾಣಲ್ಲ, ಟ್ರ್ಯಾಕೇ ಬರ್ತಿಲ್ಲ ಅಂತ ಎಲ್ರೂ ಲ್ಯಾಪ್‌ಟಾಪ್ ಮೇಲೆ ಬೀಳ್ತಾರೆ. ಇನ್ನೊಂದು, ಹಿಂದಿನ ದಿನ ವರ್ಚುಯಲ್ ಸೌಂಡ್‌ಚೆಕ್ (ಕಲಾವಿದರ ಬದ್ಲು ರೆಕಾರ್ಡಿಂಗ್ ಓಡಿಸಿ ಸೌಂಡ್ ನೋಡೋದು) ಮಾಡಿದ್ರೆ ರೂಟಿಂಗ್ ಪೇಜಲ್ಲಿ ರೆಕಾರ್ಡ್-ಪ್ಲೇ ಸ್ವಿಚ್ ಪ್ಲೇನಲ್ಲೇ ಉಳಿದಿರಬಹುದು, ಆಗ ಮೈಕ್ ಬರೋ ಜಾಗದಲ್ಲಿ ಟ್ರ್ಯಾಕ್ ಬರುತ್ತೆ. ಹಳೇ ಸೀನ್ (ಮಿಕ್ಸರಲ್ಲಿ ಉಳಿಸಿಟ್ಟ ಸೆಟ್ಟಿಂಗ್) ರೀಕಾಲ್ ಮಾಡ್ದಾಗ್ಲೂ ರೂಟಿಂಗ್ ಬದಲಾಗಿಬಿಡಬಹುದು, ಅದನ್ನ ಸೇಫ್ ಮಾಡಿ ಇಡಿ.

ಲ್ಯಾಪ್‌ಟಾಪ್ ಕಡೆ ಎರಡೇ ಚಾನೆಲ್ ಬರ್ತಿದ್ರೆ: ವಿಂಡೋಸಲ್ಲಿ ಎಎಸ್ಐಒ ಅನ್ನೋ ಆಡಿಯೋ ಡ್ರೈವರ್ ಆರಿಸಿದ್ದೀರಾ ನೋಡಿ. ರೀಪರ್ ಸಾಫ್ಟ್‌ವೇರ್ ಆದ್ರೆ ಡಿವೈಸ್ ಸೆಟ್ಟಿಂಗಲ್ಲಿ ಔಟ್‌ಪುಟ್ ರೇಂಜ್ ಕೊನೇ ನಂಬರ್ ಎಷ್ಟಿದೆ ನೋಡಿ, ಜೊತೆಗೆ ಟ್ರ್ಯಾಕ್‌ಗೂ ಮಾಸ್ಟರ್‌ಗೂ ಚಾನೆಲ್ ಸಂಖ್ಯೆ 2 ಅಂತಲೇ ಇದ್ರೆ ಉಳಿದ ಆರು ಒಳಗೇ ನಿಂತುಬಿಡುತ್ವೆ, ರೆಂಡರ್ ಮಾಡಿದ್ರೂ (ಹೊಸ ಫೈಲಾಗಿ ತೆಗೆದ್ರೂ) ಎರಡೇ ಬರುತ್ವೆ. ಆಬ್ಲ್‌ಟನ್ ಲೈವ್ ಸಾಫ್ಟ್‌ವೇರಲ್ಲಿ ಟ್ರ್ಯಾಕ್ ಅಂದ್ರೆ ಸ್ಟೀರಿಯೋ, ಅಲ್ಲಿಗೆ 8 ಚಾನೆಲ್‌ದು ಒಂದೇ ಫೈಲ್ ಕೊಡೋದಲ್ಲ, ಜೋಡಿ ಜೋಡಿ ಮಾಡಿ ಕೊಡಿ. ಮ್ಯಾಕಲ್ಲಿ ಕ್ಯೂಲ್ಯಾಬ್ ಸಾಫ್ಟ್‌ವೇರ್ ಇದ್ರೆ ಕ್ಯೂನ ಲೆವೆಲ್ಸ್ ಪಟ್ಟೀಲಿ ಅಡ್ಡ ಸಾಲು ಫೈಲಿನ ಚಾನೆಲ್ಲು, ಉದ್ದ ಸಾಲು ಔಟ್‌ಪುಟ್ಟು, ಎರಡೂ ಸೇರೋ ಮನೆಗಳಲ್ಲಿ ನಂಬರ್ ಇದ್ಯಾ ಅಂತ ಒಂದ್ಸಲ ಕಣ್ಣಾಡಿಸಿ.

ಎಚ್‌ಡಿಎಂಐ ಕೇಬಲ್ ಬಗ್ಗೆ ಹುಷಾರ್. ಎಲ್‌ಇಡಿಯವರು ಬಂದು ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಚುಚ್ಚಿದ ಕ್ಷಣ ಕಂಪ್ಯೂಟರ್ ಡೀಫಾಲ್ಟ್ ಔಟ್‌ಪುಟ್ಟನ್ನ ಅತ್ತ ತಿರುಗಿಸಿಬಿಡಬಹುದು, ಬ್ಲೂಟೂತ್ ಇಯರ್‌ಫೋನ್ ಆನ್ ಆದ್ರೂ ಅಷ್ಟೇ. ಪ್ಲೇಬ್ಯಾಕ್ ಸಾಫ್ಟ್‌ವೇರಲ್ಲಿ ಸಿಸ್ಟಮ್ ಡೀಫಾಲ್ಟ್ ಅಂತ ಬಿಡ್ದೆ ಮಿಕ್ಸರ್ ಹೆಸರನ್ನೇ ಆರಿಸಿ ಕೂರಿಸಿ.

ಶ್ರುತಿ ಏರಿದೆ, ಇಲ್ಲ ಇಳಿದಿದೆ

ಇದನ್ನ ಮೊದ್ಲು ಹಿಡಿಯೋದು ಹಾಡೋರೇ, ಸೌಂಡ್‌ನವರಲ್ಲ. 44.1 ಕೆ (ಸೆಕೆಂಡಿಗೆ 44,100 ಸ್ಯಾಂಪಲ್) ಫೈಲನ್ನ ಯಾವ ಪರಿವರ್ತನೇನೂ ಇಲ್ದೆ 48 ಕೆ ಕ್ಲಾಕಲ್ಲಿ ಓಡಿಸಿದ್ರೆ ಶೇಕಡ 8.8ರಷ್ಟು ವೇಗ ಜಾಸ್ತಿ, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ (ಹಾರ್ಮೋನಿಯಂನ ಪಕ್ಕ ಪಕ್ಕದ ಕೀಗಳ ಅಂತರ) ಮೇಲೆ. ಐದು ಮನೆ ಶ್ರುತೀಲಿ ಕಟ್ಟಿದ ಟ್ರ್ಯಾಕು ಐದೂವರೆಗೂ ಆರಕ್ಕೂ ನಡುವೆ ಹೋಗಿ ನಿಲ್ಲುತ್ತೆ, ಅಂದ್ರೆ ಹಾರ್ಮೋನಿಯಂನ ಯಾವ ಮನೆಗೂ ಕೂರಲ್ಲ, ಕೊಳಲಿನವ್ರು ಬೇರೆ ಕೊಳಲು ತಗೊಂಡ್ರೂ ಸೇರಲ್ಲ, ಮೃದಂಗದವ್ರು ಕಲ್ಲು ಹಿಡ್ಕೊಂಡು ಬಡೀತಾನೇ ಇರ್ತಾರೆ. ಅರ್ಧಂಬರ್ಧ ಜಾಗದಲ್ಲಿ ಶ್ರುತಿ ನಿಂತಿದೆ ಅಂದ್ರೆ ಮೊದಲ ಅನುಮಾನ ಸ್ಯಾಂಪಲ್ ರೇಟ್ ಮೇಲೇ ಇರ್ಲಿ. ಪೂರ್ತಿ ಒಂದು ಮನೆ, ಅರ್ಧ ಮನೆ ಸರಿಯಾಗಿ ಸರಿದಿದ್ರೆ ಅದು ಬಹುತೇಕ ಯಾರೋ ಕೈಯಾರೆ ಟ್ರಾನ್ಸ್‌ಪೋಸ್ ಮಾಡಿರೋದು, ಸ್ಟುಡಿಯೋದವರನ್ನ ಕೇಳಿ.

ಸ್ಟಾಪ್‌ವಾಚ್ ಲೆಕ್ಕ: 60 ಸೆಕೆಂಡಿನ ಪರೀಕ್ಷೆ ಫೈಲ್ 55 ಸೆಕೆಂಡಿಗೆ ಮುಗಿದ್ರೆ 44.1ರದ್ದು 48ರಲ್ಲಿ ಓಡ್ತಿದೆ, 65 ಆದ್ರೆ 48ರದ್ದು 44.1ರಲ್ಲಿ. ಹತ್ತು ನಿಮಿಷದ ಅಂಕ ಮೊದಲನೇ ಕೇಸಲ್ಲಿ 9 ನಿಮಿಷ 11 ಸೆಕೆಂಡಿಗೆ ಮುಗಿದುಹೋಗುತ್ತೆ. ಕುಣಿಯೋರು ಹೆಜ್ಜೆ ಮುಗಿಸೋ ಮೊದ್ಲೇ ತೀರ್ಮಾನ (ನೃತ್ಯದ ಮುಗಿಸೋ ಜತಿ) ಬಂದುಬಿಡುತ್ತೆ, ಅವರಿಗೆ ಆಗೋ ಗಾಬರಿ ನೋಡೋಕಾಗಲ್ಲ.

ಸಾಮಾನ್ಯವಾಗಿ ಒಳ್ಳೇ ಸಾಫ್ಟ್‌ವೇರ್ ರೇಟ್ ವ್ಯತ್ಯಾಸ ಕಂಡ್ರೆ ತಾನೇ ಪರಿವರ್ತಿಸಿಕೊಳ್ಳುತ್ತೆ, ಹಾಗಾಗಿ ಮನೇಲಿ ಎಲ್ಲಾ ಸರಿ ಇರುತ್ತೆ. ತೊಂದರೆ ಬರೋದು ಕಂಪ್ಯೂಟರ್ ಒಂದು ರೇಟ್ ಅಂದ್ಕೊಂಡಿದ್ದು ಮಿಕ್ಸರ್ ಇನ್ನೊಂದರಲ್ಲಿ ಓಡ್ವಾಗ, ಇಲ್ಲ ಹೆಡರಲ್ಲಿ ಒಂದು ಬರೆದು ಒಳಗೆ ಇನ್ನೊಂದು ಇದ್ದಾಗ. ಎಕ್ಸ್32 44.1ರಲ್ಲೂ ಓಡುತ್ತೆ 48ರಲ್ಲೂ ಓಡುತ್ತೆ, ಸೆಟಪ್ ಪೇಜಲ್ಲಿ ಯಾವ್ದಿದೆ ಅಂತ ಕಣ್ಣಾರೆ ನೋಡಿ. ಡಾಂಟೆ ಅನ್ನೋ ಆಡಿಯೋ ಕಳ್ಸೋ ನೆಟ್‌ವರ್ಕಲ್ಲಿ ಎರಡು ಡಿವೈಸ್ ರೇಟ್ ಬೇರೆ ಇದ್ರೆ ಶ್ರುತಿ ತಪ್ಪೋದಲ್ಲ, ಸಂಪರ್ಕವೇ ಕೂಡಲ್ಲ, ಒಂಥರಾ ಒಳ್ಳೇದೇ, ಮುಂಚೇನೇ ಗೊತ್ತಾಗುತ್ತೆ. ನಾನಂತೂ ವಿಡಿಯೋ ಜೊತೆಗಿರೋ ಕೆಲಸಕ್ಕೆಲ್ಲ 48 ಕೆ, 24 ಬಿಟ್ ಅಂತ ಮೊದ್ಲೇ ಎಲ್ರಿಗೂ ಬರೆದು ಕಳ್ಸಿಬಿಡ್ತೀನಿ, ಸ್ಟುಡಿಯೋದಲ್ಲೇ ಒಳ್ಳೇ ಗುಣಮಟ್ಟದ ಪರಿವರ್ತನೆ ಆಗಿ ಬರ್ಲಿ, ಸ್ಟೇಜ್ ಪಕ್ಕದಲ್ಲಿ ಯಾವ ಪರಿವರ್ತನೇನೂ ಬೇಡ.

ಟಿಕ್ ಟಿಕ್, ಚಟ ಪಟ

ಟಿಕ್ ಕೇಳಿದ್ರೆ ಮಾಡ್ಬೇಕಾದ ಮೊದಲನೇ ಕೆಲಸ ಅದೇ ಜಾಗವನ್ನ ಮತ್ತೆ ಓಡಿಸೋದು. ಹಾಡಿನ ಅದೇ ಕ್ಷಣದಲ್ಲಿ ಮತ್ತೆ ಬಂದ್ರೆ ಫೈಲಲ್ಲಿದೆ: ಎಡಿಟ್ ಮಾಡಿದ ಕಡೆ ಫೇಡ್ ಹಾಕಿಲ್ಲ, ಇಲ್ಲ ಕ್ಲಿಪ್ ಆಗಿದೆ, ಇಲ್ಲ ರೆಂಡರ್ ಆಗ್ವಾಗ್ಲೇ ಕಂಪ್ಯೂಟರ್ ಒದ್ದಾಡಿದೆ. ವೇವ್‌ಫಾರ್ಮ್ ದೊಡ್ಡದು ಮಾಡಿ ನೋಡಿದ್ರೆ ಕಡ್ಡಿ ನಿಲ್ಲಿಸ್ದಂಗೆ ನೆಟ್ಟಗೆ ಕಾಣುತ್ತೆ. ಬೇರೆ ಜಾಗದಲ್ಲಿ ಬಂದ್ರೆ ಫೈಲ್ ಬಿಡಿ, ದಾರಿ ಹುಡುಕಿ.

ದಾರೀಲೂ ಎರಡು ಥರ ಇದೆ, ಕಿವಿಯಲ್ಲೇ ಬೇರೆ ಮಾಡಬಹುದು. ಒಂದೇ ಅಂತರದಲ್ಲಿ ಟಿಕ್... ಟಿಕ್... ಅಂತ ನಿಯಮ ಇಟ್ಕೊಂಡು ಬಂದ್ರೆ ಕ್ಲಾಕ್ ಜಗಳ. ಎರಡು ಡಿಜಿಟಲ್ ಮೆಷಿನ್ ತಂತಮ್ಮ ಕ್ಲಾಕಲ್ಲೇ ಓಡ್ತಿವೆ, ಇಬ್ರದ್ದೂ 48 ಕೆ ಅಂತ ತೋರಿಸಿದ್ರೂ ಕ್ಲಾಕ್ ಓಡ್ಸೋ ಹರಳು ಹರಳಿಗೆ ಸಣ್ಣ ವ್ಯತ್ಯಾಸ ಇರುತ್ತೆ, ಹತ್ತು ಲಕ್ಷದಲ್ಲಿ 20 ಭಾಗ ವ್ಯತ್ಯಾಸ ಅಂದ್ರೂ ಸೆಕೆಂಡಿಗೆ ಸುಮಾರು ಒಂದು ಸ್ಯಾಂಪಲ್ ಹೆಚ್ಚು ಕಡಿಮೆ ಆಗುತ್ತೆ, ಅದು ಸೇರಿ ಸೇರಿ ಒಂದು ಹಂತಕ್ಕೆ ಬಂದಾಗ ಮೆಷಿನ್ ಒಂದು ಚೂರು ಬಿಡುತ್ತೆ ಇಲ್ಲ ಎರಡು ಸಲ ಹೇಳುತ್ತೆ, ಅದೇ ಟಿಕ್. ಯಾರಾದ್ರೂ ಒಬ್ರೇ ಯಜಮಾನ ಆಗ್ಬೇಕು, ಉಳಿದವ್ರು ಅವರ ಕ್ಲಾಕ್ ಕೇಳ್ಬೇಕು. ಲ್ಯಾಪ್‌ಟಾಪ್ ನೇರ ಯುಎಸ್‌ಬಿಲಿ ಎಕ್ಸ್32ಕ್ಕೆ ಹೋದ್ರೆ ಮಿಕ್ಸರ್‌ದೇ ಕ್ಲಾಕ್, ಈ ರಗಳೆ ಇಲ್ಲ. ಮಧ್ಯೆ ಇನ್ನೊಂದು ಆಡಿಯೋ ಇಂಟರ್‌ಫೇಸ್ ಇಟ್ಟು ಎಡ್ಯಾಟ್ ಇಲ್ಲವೇ ಏಇಎಸ್ ಅನ್ನೋ ಡಿಜಿಟಲ್ ಕೇಬಲ್ಲಲ್ಲಿ ಹೋದ್ರೆ, ಇಲ್ಲ ಮ್ಯಾಕಲ್ಲಿ ಎರಡು ಇಂಟರ್‌ಫೇಸ್ ಸೇರಿಸಿ ಅಗ್ರಿಗೇಟ್ ಮಾಡಿ ಡ್ರಿಫ್ಟ್ ಕರೆಕ್ಷನ್ ಆಯ್ಕೆ ಆನ್ ಮಾಡಿಲ್ಲ ಅಂದ್ರೆ ಈ ಸದ್ದು ಬರುತ್ತೆ. ಸ್ಟೇಜ್ ಮಾನಿಟರ್‌ಗೆ (ಕಲಾವಿದರು ಕೇಳಿಸ್ಕೊಳ್ಳೋ ಸೌಂಡಿಗೆ) ಬೇರೆ ಎಕ್ಸ್32 ಇಟ್ಟು ಏಇಎಸ್50 ಡಿಜಿಟಲ್ ಕೇಬಲ್ಲಲ್ಲಿ ಜೋಡಿಸಿದ್ದಾಗ ಎರಡೂ ಇಂಟರ್ನಲ್ ಕ್ಲಾಕಲ್ಲಿದ್ರೂ ಅಷ್ಟೇ, ಆಗ ಟ್ರ್ಯಾಕಲ್ಲಿ ಮಾತ್ರ ಅಲ್ಲ ಆ ಕೇಬಲ್ಲಲ್ಲಿ ಬರೋ ಮೈಕಲ್ಲೂ ಟಿಕ್ ಇರುತ್ತೆ, ಅದೇ ಗುರುತು. ಒಂದನ್ನ ಇಂಟರ್ನಲ್ಲೇ ಬಿಟ್ಟು ಇನ್ನೊಂದನ್ನ ಏಇಎಸ್50ಗೆ ಹಾಕಿ.

ನಿಯಮವೇ ಇಲ್ದೆ, ಒಂದ್ಸಲ ಸುಮ್ನಿದ್ದು ಇನ್ನೊಂದ್ಸಲ ಚಟಪಟ ಅಂತ ಗುಂಪಾಗಿ ಬಂದ್ರೆ ಕಂಪ್ಯೂಟರ್‌ಗೆ ಪುರುಸೊತ್ತಿಲ್ಲ ಅಂತ. ಬಫರ್ ಜಾಸ್ತಿ ಮಾಡಿ, ಟ್ರ್ಯಾಕ್ ಓಡ್ಸೋಕೆ 64, 128 ಯಾಕೆ ಬೇಕು, 512 ಸ್ಯಾಂಪಲ್ ಇಡಿ, 48 ಕೆಲಿ ಅದು ಸುಮಾರು 11 ಮಿಲಿಸೆಕೆಂಡ್ ಅಷ್ಟೇ, ಯಾರೂ ಲ್ಯಾಪ್‌ಟಾಪಲ್ಲಿ ಕೀಬೋರ್ಡ್ ನುಡಿಸ್ತಿಲ್ವಲ್ಲ. ವೈಫೈ ಆಫ್, ಬ್ಲೂಟೂತ್ ಆಫ್, ಪವರ್ ಸೇವರ್ ಆಫ್, ವಿಂಡೋಸಲ್ಲಿ ಯುಎಸ್‌ಬಿ ಸಸ್ಪೆಂಡ್ ಆಫ್. ಫೈಲ್ ಪೆನ್‌ಡ್ರೈವಿಂದ ಓಡಿಸ್ಬೇಡಿ, ಒಳಗಿನ ಎಸ್‌ಎಸ್‌ಡಿಗೆ ಕಾಪಿ ಮಾಡಿ. ಕ್ಲೌಡ್ ಫೋಲ್ಡರಲ್ಲಿಟ್ಟಿದ್ರೆ ಹೆಸರು ಮಾತ್ರ ಕಂಡು ಒಳಗಿನ ಮಾಲು ಇನ್ನೂ ಇಂಟರ್‌ನೆಟ್ಟಲ್ಲೇ ಇರಬಹುದು, ಹಾಲಲ್ಲಿ ನೆಟ್‌ವರ್ಕ್ ಇಲ್ಲ ಅಂದ್ರೆ ಓಪನ್ನೇ ಆಗಲ್ಲ, ಇದನ್ನ ಮುಂಚೇನೇ ನೋಡ್ಕೊಳ್ಳಿ.

ಟಿಕ್ ಅಲ್ಲ, ಒಂದೇ ಸಮ ಗುಂಯ್ ಅಂತಿದ್ರೆ ಅದು ಫೈಲ್ ವಿಷ್ಯನೇ ಅಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತ್ರೆ ಕರೆಂಟ್-ಅರ್ಥಿಂಗ್ ಕಡೆಯದು, ಲ್ಯಾಪ್‌ಟಾಪಿಗೂ ಮಿಕ್ಸರಿಗೂ ಒಂದೇ ಲೈನಿಂದ ಕರೆಂಟ್ ಕೊಡಿ, ಹೆಡ್‌ಫೋನ್ ಜ್ಯಾಕಿಂದ ತಗೊಂಡಿದ್ರೆ ಡಿಐ ಬಾಕ್ಸ್ (ಮಧ್ಯೆ ಹಾಕೋ, ಗುಂಯ್ ತಡೆಯೋ ಪೆಟ್ಟಿಗೆ) ಹಾಕಿ. ಅರ್ಥ್ ಪಿನ್ ಮುರಿಯೋ ಕೆಲಸ ಯಾವತ್ತೂ ಮಾಡ್ಬೇಡಿ, ಬಯಲು ವೇದಿಕೇಲಿ ಜನರೇಟರ್ ಮೇಲೆ ಓಡ್ತಿರುವಾಗ ಅದು ಜೀವಕ್ಕೇ ಅಪಾಯ.

ರಿದಮ್ ಒಂದ್ಕಡೆ, ಮ್ಯೂಸಿಕ್ ಒಂದ್ಕಡೆ

ಎಂಟೂ ಚಾನೆಲ್ ಒಂದೇ ವೇವ್ ಫೈಲಲ್ಲಿದ್ರೆ ಪರಸ್ಪರ ಸರಿಯೋಕೆ ಸಾಧ್ಯವೇ ಇಲ್ಲ, ಯಾಕಂದ್ರೆ ಅಲ್ಲಿ ಒಂದೊಂದು ಕ್ಷಣದ ಎಂಟೂ ಸ್ಯಾಂಪಲ್ ಪಕ್ಕ ಪಕ್ಕ ಬರೆದಿರುತ್ತೆ. ಅದಕ್ಕೇ ಸಾಫ್ಟ್‌ವೇರ್ ಒಪ್ಪೋದಾದ್ರೆ ಒಂದೇ ಫೈಲೇ ಮೇಲು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಬಿಡಿ ಬಿಡಿ ಸ್ಟೆಮ್ ಫೈಲ್ (ಮ್ಯೂಸಿಕ್‌ಗೊಂದು, ರಿದಮ್‌ಗೊಂದು ಹೀಗೆ) ಇದ್ದಾಗ್ಲೇ ಈ ತಪ್ಪು ನುಗ್ಗೋದು.

ಶುರುವಿಂದಲೇ ಒಂದೇ ಅಳತೆ ತಡ ಇದೆ ಅಂದ್ರೆ ಎರಡು ಅನುಮಾನ. ಒಂದು, ಸ್ಟೆಮ್‌ಗಳನ್ನ ಸೊನ್ನೆಯಿಂದ ಎಕ್ಸ್‌ಪೋರ್ಟ್ ಮಾಡಿಲ್ಲ, ವಾದ್ಯ ಶುರುವಾಗೋ ಜಾಗದಿಂದ ಕತ್ತರಿಸಿದ್ದಾರೆ. ಎರಡು, ಅದರಲ್ಲೊಂದು ಎಂಪಿ3. ಎಂಪಿ3 ಮಾಡ್ವಾಗ ಮುಂದೆ ಸ್ವಲ್ಪ ಮೌನ ತಾನಾಗೇ ಸೇರುತ್ತೆ, ಲೇಮ್ ಅನ್ನೋ ಎಂಪಿ3 ಎನ್‌ಕೋಡರ್‌ದು, ಓಡ್ಸೋ ಡಿಕೋಡರ್‌ದು ಸೇರಿ 1105 ಸ್ಯಾಂಪಲ್, 44.1 ಕೆಲಿ 25 ಮಿಲಿಸೆಕೆಂಡ್. ಕೆಲವು ಪ್ಲೇಯರ್ ಇದನ್ನ ಕಳೀತವೆ, ಕೆಲವು ಕಳೆಯಲ್ಲ. 25 ಮಿಲಿಸೆಕೆಂಡ್ ಅಂದ್ರೆ ತಾಳದ ಒಂದು ಪೆಟ್ಟು ಎರಡಾಗಿ ಕೇಳೋಷ್ಟು. ರಿಹರ್ಸಲ್ ಟೈಮಲ್ಲಿ ಕೇಳ್ಲಿ ಅಂತ ವಾಟ್ಸಾಪಲ್ಲಿ ಬಂದ ಎಂಪಿ3, ಹೆಸರಿನ ಕೊನೇಲಿ ವೇವ್ ಅಂತ ಬದಲಾಗಿ ಶೋ ಫೋಲ್ಡರಿಗೆ ಸೇರಿಬಿಡೋದುಂಟು, ಮೀಡಿಯಾಇನ್ಫೋ ಥರದ ಸಾಫ್ಟ್‌ವೇರಲ್ಲಿ ತೆಗೆದು ಒಳಗೆ ನಿಜವಾಗಿ ಏನಿದೆ ಅಂತ ನೋಡಿ.

ಶುರೂಲಿ ಸರಿ ಇದ್ದು ಹೋಗ್ತಾ ಹೋಗ್ತಾ ಬಿಟ್ಕೊಂಡ್ರೆ, ಆಬ್ಲ್‌ಟನ್ ಬಳಸ್ತಿದ್ರೆ ಮೊದ್ಲು ವಾರ್ಪ್ (ಟೆಂಪೋಗೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸೋದು) ನೋಡಿ. ಉದ್ದ ಫೈಲ್ ಎಳೆದು ಹಾಕ್ದಾಗ ತಾನೇ ಟೆಂಪೋ ಊಹಿಸಿ ವಾರ್ಪ್ ಮಾಡೋ ಆಯ್ಕೆ ಅದರಲ್ಲಿದೆ, ಆನ್ ಇದ್ರೆ ಒಂದೊಂದು ಸ್ಟೆಮ್‌ಗೆ ಒಂದೊಂದು ಥರ ಊಹಿಸುತ್ತೆ. ಎಲ್ಲಾ ಕ್ಲಿಪ್ಪಲ್ಲೂ ವಾರ್ಪ್ ಆಫ್.

ಇನ್ನೊಂದಿದೆ, ಇದು ಫೈಲಿನ ತಪ್ಪಿನ ಥರಾನೇ ಕೇಳುತ್ತೆ ಆದ್ರೆ ಅಲ್ಲ. ಹಾಲ್ ಹಿಂದಿನ ಸ್ಪೀಕರಲ್ಲಿ ಗುಡುಗು ಮುಂಚೆ ಬರುತ್ತೆ, ಸ್ಟೇಜಿನ ಮ್ಯೂಸಿಕ್ ಆಮೇಲೆ ಬರುತ್ತೆ ಅಂತ ಹಿಂದಿನ ಸಾಲಿನವ್ರು ಹೇಳ್ತಾರೆ. ಸದ್ದು ಒಂದು ಮೀಟರ್ ಹೋಗೋಕೆ ಸುಮಾರು 3 ಮಿಲಿಸೆಕೆಂಡ್ ತಗೊಳ್ಳುತ್ತೆ, 20 ಮೀಟರ್ ಅಂದ್ರೆ 58. ಮುಂದೆ ಕೂತು ಕೇಳಿ, ಹಿಂದೆ ಹೋಗಿ ಕೇಳಿ, ತಡ ಬದಲಾದ್ರೆ ಅದು ದೂರದ್ದು. ಇದಕ್ಕೆ ಡಿಲೇ ಮಿಕ್ಸರ್ ಔಟ್‌ಪುಟ್ಟಲ್ಲಿ ಹಾಕಿ, ದಯವಿಟ್ಟು ಫೈಲಲ್ಲಿ ಸರಿಸ್ಬೇಡಿ. ರವೀಂದ್ರ ಕಲಾಕ್ಷೇತ್ರದ ಅಳತೆಗೆ ಫೈಲಲ್ಲೇ ಡಿಲೇ ಹಾಕಿಟ್ರೆ ಅದೇ ಫೈಲ್ ಬೇರೆ ಊರಿನ ಸಣ್ಣ ಹಾಲಿಗೆ ಹೋದಾಗ ತಪ್ಪಾಗುತ್ತೆ.

90 ನಿಮಿಷದ ಫೈಲ್ 28 ನಿಮಿಷ ತೋರಿಸಿದ್ರೆ

ವೇವ್ ಫೈಲಿನ ಹೆಡರಲ್ಲಿ ಸೈಜ್ ಬರೆಯೋಕಿರೋ ಜಾಗ 32 ಬಿಟ್, ಅದರಲ್ಲಿ 4 ಜಿಬಿ ದಾಟಿ ಬರೆಯೋಕಾಗಲ್ಲ. 8 ಚಾನೆಲ್, 48 ಕೆ, 24 ಬಿಟ್ ಅಂದ್ರೆ ಸೆಕೆಂಡಿಗೆ 11,52,000 ಬೈಟ್, 62 ನಿಮಿಷಕ್ಕೆ 4 ಜಿಬಿ ತುಂಬಿತು. 16 ಚಾನೆಲ್ ಆದ್ರೆ 31 ನಿಮಿಷ. ಇದನ್ನ ದಾಟಿದ ಮೇಲೂ ಕೆಲವು ಸಾಫ್ಟ್‌ವೇರ್ ಬರೀತಾನೇ ಹೋಗ್ತವೆ, ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತೆ, ಹಾಗಾಗಿ 90 ನಿಮಿಷದ ಫೈಲು 28 ನಿಮಿಷಕ್ಕೇ ನಿಂತುಬಿಡುತ್ತೆ. ಫೋಲ್ಡರಲ್ಲಿ ಸೈಜ್ 6 ಜಿಬಿ ಇದ್ದು ಪ್ಲೇಯರಲ್ಲಿ ಉದ್ದ ಕಮ್ಮಿ ತೋರಿಸಿದ್ರೆ ಇದೇ, ಸದ್ದು ಒಳಗೇ ಇದೆ, ಹೆದರ್ಬೇಡಿ. ಆರ್‌ಎಫ್64 ಇಲ್ಲವೇ ಡಬ್ಲ್ಯು64 ಫಾರ್ಮ್ಯಾಟಲ್ಲಿ ಮತ್ತೆ ಎಕ್ಸ್‌ಪೋರ್ಟ್ ಮಾಡ್ಸಿ, ಮ್ಯಾಕ್ ಆದ್ರೆ ಸಿಎಎಫ್ ಆಗುತ್ತೆ. ಅದಕ್ಕಿಂತ ಒಳ್ಳೇದು ದೃಶ್ಯ ದೃಶ್ಯಕ್ಕೆ ಬೇರೆ ಫೈಲ್ ಮಾಡೋದು, ಮಧ್ಯೆ ಎಲ್ಲಾದ್ರೂ ನಿಂತ್ರೆ ಆ ದೃಶ್ಯದಿಂದ ಶುರು ಮಾಡಬಹುದು. ಪೆನ್‌ಡ್ರೈವ್ ಫ್ಯಾಟ್32 ಆಗಿದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಕಾಪಿನೇ ಆಗಲ್ಲ, ಎಕ್ಸ್‌ಫ್ಯಾಟ್ ಮಾಡ್ಕೊಳ್ಳಿ.

ಫೈಲ್ ಓಪನ್ ಆಗುತ್ತೆ, ಸದ್ದು ಮಾತ್ರ ಇಲ್ಲ ಇಲ್ಲವೇ ಕರ್ಕಶ ಅಂದ್ರೆ 32 ಬಿಟ್ ಫ್ಲೋಟ್ ಅನ್ನೋ ಫಾರ್ಮ್ಯಾಟ್ ಇರಬಹುದು, ಕೆಲವು ಹಾರ್ಡ್‌ವೇರ್ ಪ್ಲೇಯರ್ ಅದನ್ನ ಓದಲ್ಲ. 24 ಬಿಟ್ ಮಾಡಿಸಿ.

ಲೆವೆಲ್ ವಿಷ್ಯ

ಸ್ಟೀರಿಯೋ ಮಿಕ್ಸ್ ಕೇಳಿದಾಗ ಚೆನ್ನಾಗಿತ್ತು, ಸ್ಟೆಮ್ ಸೇರಿಸಿದ್ರೆ ರಿದಮ್ ಮೇಲೆದ್ದು ಬರ್ತಿದೆ ಅಂದ್ರೆ ಮಾಸ್ಟರ್ ಮೇಲಿನ ಲಿಮಿಟರ್ (ಜೋರಾದ ಸದ್ದನ್ನ ಒತ್ತಿ ಹಿಡಿಯೋದು) ಹಾಗೇ ಇಟ್ಟು ಒಂದೊಂದೇ ಸ್ಟೆಮ್ ಎಕ್ಸ್‌ಪೋರ್ಟ್ ಮಾಡಿದ್ದಾರೆ. ಒಟ್ಟಿಗೆ ಇದ್ದಾಗ ಲಿಮಿಟರ್ ಒತ್ತಿದ್ದು ಬೇರೆ, ಒಂಟಿಯಾಗಿದ್ದಾಗ ಒತ್ತೋದು ಬೇರೆ. ಪರೀಕ್ಷೆ ಹೇಗೆ ಅಂದ್ರೆ ಎಲ್ಲಾ ಸ್ಟೆಮ್ ಸೇರಿಸಿ ಅದರ ಎದುರು ಸ್ಟೀರಿಯೋ ಮಿಕ್ಸನ್ನ ಪೊಲಾರಿಟಿ ತಿರುಗಿಸಿ (ಸದ್ದಿನ ಅಲೆ ತಲೆಕೆಳಗಾಗಿಸಿ) ಓಡ್ಸಿ, ಎಲ್ಲ ಸರಿ ಇದ್ರೆ ಎರಡೂ ಒಂದನ್ನೊಂದು ಕಳೆದು ಹೆಚ್ಚುಕಮ್ಮಿ ಮೌನ ಆಗ್ಬೇಕು. ಉಳಿದು ಕೇಳಿಸೋದೇ ವ್ಯತ್ಯಾಸ. ಕೋರಸ್ ಥರ ಅಲೆಯೋ ಎಫೆಕ್ಟ್ ಇದ್ರೆ ಪೂರ್ತಿ ಮೌನ ಆಗಲ್ಲ, ಅಷ್ಟು ಬಿಡಿ. ಲಿಮಿಟರ್ ತೆಗೆದು, ಪೀಕ್ ಮೈನಸ್ 6 ಡಿಬಿ ಒಳಗೆ ಇಟ್ಟು ಮತ್ತೆ ಕೊಡಿ ಅಂತ ಕೇಳಿ. ಯುಎಸ್‌ಬಿಲಿ ಬರೋದಕ್ಕೆ ಮಿಕ್ಸರಿನ ಮೈಕ್ ಗೇನ್ ಕೆಲಸ ಮಾಡಲ್ಲ, ಎಕ್ಸ್32ಲ್ಲಿ ಮೇಲೆ ಕೆಳಗೆ 18 ಡಿಬಿ ಟ್ರಿಮ್ ಅಷ್ಟೇ ಇರೋದು, ಕ್ಲಿಪ್ ಆಗಿ ಬಂದಿದ್ದನ್ನ ಅದು ಸರಿ ಮಾಡಲ್ಲ.

ಹಾಲಿನ ಸೌಂಡ್ ಮೋನೋ ಆಗಿರೋದು ನಮ್ಮಲ್ಲಿ ತುಂಬಾ ಕಡೆ ಇದೆ. ಸ್ಟುಡಿಯೋಲಿ ಅಗಲವಾಗಿ ಕೇಳ್ತಿದ್ದ ಸ್ಟ್ರಿಂಗ್ಸ್ ಇಲ್ಲಿ ಮಾಯ ಆದ್ರೆ ಎಡ-ಬಲ ಸೇರ್ದಾಗ ಒಂದನ್ನೊಂದು ಕಳೀತಿವೆ. ಮನೇಲೇ 1-2ನ್ನ ಮೋನೋ ಮಾಡಿ ಒಂದ್ಸಲ ಕೇಳಿದ್ರೆ ಮುಗೀತು.

ಲೈಟ್ ಕ್ಯೂ ತಪ್ಪಿದ್ರೆ

8ನೇ ಚಾನೆಲ್‌ನ ಟೈಮ್‌ಕೋಡ್ ಸದ್ದಿನ ರೂಪದಲ್ಲೇ ಇದ್ರೂ ಅದು ಡೇಟಾ. ಎಂಪಿ3 ಮಾಡೋದು, ಈಕ್ಯೂ ಹಾಕೋದು, ಕಂಪ್ರೆಸರ್ ಹಾಕೋದು ಯಾವ್ದೂ ಬೇಡ, ಮಿಕ್ಸರ್ ಚಾನೆಲ್ಲಲ್ಲಿ ಗೇಟ್, ಲೋ ಕಟ್ ಎಲ್ಲ ತೆಗೀರಿ. ಲೈಟ್ ಡೆಸ್ಕಲ್ಲಿ ನಂಬರ್ ಬಿಟ್ಟು ಬಿಟ್ಟು ಬಂದ್ರೆ ಲೆವೆಲ್ ಕಮ್ಮಿ ಇದೆ ಇಲ್ಲ ತುಂಬಾ ಜಾಸ್ತಿ ಆಗಿ ಕ್ಲಿಪ್ ಆಗ್ತಿದೆ, ಮೈನಸ್ 10 ಡಿಬಿ ಹತ್ರದಿಂದ ಶುರು ಮಾಡಿ ನೋಡಿ. ನಂಬರ್ ಚೆನ್ನಾಗಿ ಬರ್ತಿದೆ ಆದ್ರೆ ಕ್ಯೂ ಬೇರೆ ಜಾಗದಲ್ಲಿ ಬೀಳ್ತಿದೆ ಅಂದ್ರೆ ಫ್ರೇಮ್ ರೇಟ್ ಕೇಳಿ, ನಮ್ಮಲ್ಲಿ ಸಾಮಾನ್ಯವಾಗಿ 25, ಆದ್ರೆ ಅವರ ಡೆಸ್ಕ್ 30ರಲ್ಲಿರಬಹುದು.

ಈ ಚಾನೆಲ್ ಮೇನ್ ಸ್ಪೀಕರ್‌ಗೆ ಹೋಗದ ಹಾಗೆ ಅಸೈನ್ (ಮೇನ್‌ಗೆ ಇರೋ ಜೋಡಣೆ) ತೆಗೆದೇ ಇಡಿ, ಬರೀ ಮ್ಯೂಟ್ ಸಾಲ್ದು. ಪ್ಯಾಚ್ ಒಂದು ಸ್ಥಾನ ಸರಿದ್ರೂ ಆ ಕಿರ್ರ್ ಸದ್ದು ಪೂರ್ತಿ ವಾಲ್ಯೂಮಲ್ಲಿ ಜನರ ಕಿವಿಗೆ ಬೀಳುತ್ತೆ, ಮುಂದಿನ ಸಾಲಲ್ಲಿ ಮಕ್ಕಳು ವಯಸ್ಸಾದೋರು ಕೂತಿರ್ತಾರೆ. ಅದಕ್ಕೇ ಪರೀಕ್ಷೆ ಫೈಲಲ್ಲಿ "ಎಂಟು" ಅಂದಾಗ ಮೇನಲ್ಲಿ ಏನೂ ಕೇಳಿಸ್ಬಾರ್ದು, "ಏಳು" ಇನ್‌ಇಯರಲ್ಲಿ ಮಾತ್ರ ಕೇಳ್ಬೇಕು. ಚಿಟಿಕೆ, ಟೋನ್ ಓಡಿಸೋ ಮುಂಚೆ ಲೈಟಿನವರಿಗೆ ಮತ್ತೆ ಇನ್‌ಇಯರ್ ಹಾಕಿರೋರಿಗೆ ಹೇಳಿ, ಸಡನ್ನಾಗಿ ಟೋನ್ ಬಂದ್ರೆ ಕಿವಿಗೆ ಹೊಡೆಯುತ್ತೆ.

ಫೋಲ್ಡರ್ ಜೊತೆ ಒಂದು ಹಾಳೆ ಇರ್ಲಿ: ಯಾವ ಚಾನೆಲ್ಲಲ್ಲಿ ಏನು, ಸ್ಯಾಂಪಲ್ ರೇಟು, ಬಿಟ್ ಸಂಖ್ಯೆ, ಒಂದೊಂದು ದೃಶ್ಯದ ಉದ್ದ ನಿಮಿಷ ಸೆಕೆಂಡಲ್ಲಿ, ಶ್ರುತಿ ಎಷ್ಟು ಮನೆ, ಟೈಮ್‌ಕೋಡ್ ಶುರು ಎಲ್ಲಿಂದ, ಫ್ರೇಮ್ ರೇಟ್ ಎಷ್ಟು. ಪ್ರಿಂಟ್ ತೆಗೆದು ಒಂದು ಪ್ರತಿ ಮಿಕ್ಸರ್ ಹತ್ರ, ಒಂದು ಲೈಟಿನವರ ಹತ್ರ, ಒಂದು ಲ್ಯಾಪ್‌ಟಾಪ್ ಓಡ್ಸೋರ ಹತ್ರ ಕೊಟ್ಟುಬಿಡಿ. ಎರಡನೇ ಲ್ಯಾಪ್‌ಟಾಪಲ್ಲೂ ಇದೇ ಫೋಲ್ಡರ್ ಇರ್ಲಿ, ಅದರಲ್ಲೂ ಪರೀಕ್ಷೆ ಫೈಲ್ ಓಡಿಸಿ ಎಂಟೂ ನಂಬರ್ ಕೇಳಿಸ್ಕೊಂಡ ಮೇಲೇ ಅದನ್ನ ಬ್ಯಾಕಪ್ ಅಂತ ಲೆಕ್ಕಕ್ಕೆ ತಗೊಳ್ಳಿ.